‘ಇದು ದೇವರೇ ತೋರಿಸಿದ ದಾರಿಯಾ ಮೇಡಂ?’: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಊರು, ಕುಟುಂಬದ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.)

ಸುಶೀಲಕ್ಕ ಉಡುಪಿ ಹತ್ತಿರದ ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ, ಅಂದರೆ ಜನರ ದಿನದಿನದ ಉಳಿತಾಯದ ಹಣ, ಸಂಗ್ರಹಿಸುವವರು. ವಯಸ್ಸು ನಲವತ್ತು ದಾಟಿದೆ. ಗಂಡ ರಿಕ್ಷಾ ಓಡಿಸುತ್ತಿದ್ದರು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಗಳು ಪಿಯುಸಿ ಓದುತ್ತಿದ್ದಾಳೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎಂದು ನನ್ನಲ್ಲಿಗೆ ಬಂದಿದ್ದರು. ಡಾಕ್ಟರು ಬಿಪಿ, ಥೈರಾಯ್ಡ್ ಎಲ್ಲ ನೋಡಿ, ತೊಂದರೆ ಏನೂ ಇಲ್ಲ, ಒಮ್ಮೆ ಸಲಹೆಗಾರರ ಹತ್ತಿರ ಮಾತಾಡಿ ಎಂದು ಕಳಿಸಿದ್ದರು.

ಮೊದಲ ಭೇಟಿ ಪೂರ್ತಿ ಗಂಡನ ಕಾಯಿಲೆಯ ಮಾತಾಯಿತು. ಎರಡನೆಯ ಸಲ ಬಂದವರು ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಪಿಗ್ಮಿ ಪುಸ್ತಕಗಳ ಕಟ್ಟನ್ನು ತೆಗೆದು ಮೇಜಿನ ಮೇಲೆ ಇಟ್ಟರು. "ಇದ್ರಲ್ಲಿ ಬರೆದದ್ದು ಉಂಟು. ಸಂಘದಲ್ಲಿ ಕಟ್ಟಿದ್ದು ಇಲ್ಲ" ಎಂದರು.

ಪಿಗ್ಮಿ ಏನೆಂದು ಕರಾವಳಿಯವರಿಗೆ ಹೇಳಬೇಕಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ 2 ಆಣೆಯಂತೆ ಮನೆಬಾಗಿಲಲ್ಲೇ ಸಂಗ್ರಹಿಸಲು ತೊಡಗಿದ ಪದ್ಧತಿ ಇದು. ಹಣ ಕೊಡುವವರು ಸಂಘದ ಬೋರ್ಡು ನೋಡಿ ಕೊಡುವುದಿಲ್ಲ, ಬಾಗಿಲಿಗೆ ಬಂದವರ ಮುಖ ನೋಡಿ ಕೊಡುತ್ತಾರೆ. ಸುಶೀಲಕ್ಕನಿಗೆ ಹಾಗೆ ಕೊಡುತ್ತಿದ್ದವರಲ್ಲಿ ಮೀನು ಮಾರುವ ಒಬ್ಬ ಹಿರಿಯ ಹೆಂಗಸು ಇದ್ದರು. ದಿನಕ್ಕೆ 100 ರೂಪಾಯಿ. ಮಂಜುಗಡ್ಡೆಯ ನೀರು ತಾಗಿ ನೋಟು ಒದ್ದೆಯಾಗಿರುತ್ತಿತ್ತು. ಸುಶೀಲಕ್ಕ ಅದನ್ನು ಸ್ಕೂಟರಿನ ಸೀಟಿನ ಮೇಲೆ ಹರಡಿ, ಆರಿದ ಮೇಲೆ ಚೀಲಕ್ಕೆ ಹಾಕುತ್ತಿದ್ದರು. ಆ ಅಮ್ಮ ಒಂದು ದಿನವೂ ಪುಸ್ತಕ ಬಿಡಿಸಿ ನೋಡಿದವರಲ್ಲ. "ನೀನು ಬರೆದದ್ದೇ ಸೈ" ಎನ್ನುತ್ತಿದ್ದರಂತೆ.

ಒಂದು ರಾತ್ರಿ ಗಂಡನಿಗೆ ಉಸಿರು ಕಟ್ಟಿ ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. 20,000 ಅಡ್ವಾನ್ಸ್ ಕೇಳಿದರು. ಕೈಯಲ್ಲಿದ್ದ ಚೀಲದಲ್ಲಿ ಆ ದಿನದ ಮತ್ತು ಹಿಂದಿನ ದಿನದ ಸಂಗ್ರಹ ಇತ್ತು. ನಾಳೆ ಹೇಗಾದರೂ ಹೊಂದಿಸುತ್ತೇನೆ ಎಂದುಕೊಂಡು ಕಟ್ಟಿದರು. ಆ ನಾಳೆ ಬರಲಿಲ್ಲ. ಇವರ ಟೊಪ್ಪಿ ಅವರಿಗೆ, ಅವರ ಟೊಪ್ಪಿ ಇವರಿಗೆ ಹಾಕುತ್ತಾ ಆರು ತಿಂಗಳಲ್ಲಿ ಒಂಬತ್ತು ಪುಸ್ತಕಗಳಲ್ಲಿ ಸುಮಾರು 43,000 ರೂಪಾಯಿ ಕಡಿಮೆ ಬಂತು.

ಮೇ ತಿಂಗಳು ಹತ್ತಿರ ಬಂದಾಗ ಭಯ ಹೆಚ್ಚಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳ ಹೊಟ್ಟೆಪಾಡಿಗೆಂದೇ ಮೀನಿನ ಅಮ್ಮ ಪಿಗ್ಮಿ ಕಟ್ಟುತ್ತಿದ್ದದ್ದು. ಮೇ ಕೊನೆಗೆ ಅವರು ಹಣ ಕೇಳುವುದು ಖಂಡಿತ. ಅಷ್ಟರಲ್ಲಿ ವಿಷಯ ಗೊತ್ತಿದ್ದ ಸಹೋದ್ಯೋಗಿಯೊಬ್ಬರು ಒಂದು ಉಪಾಯ ಹೇಳಿದರು. ಪಿಗ್ಮಿಯ ವಿಷಯವನ್ನೆಲ್ಲ ಸುಶೀಲಕ್ಕನಿಗೇ ಒಪ್ಪಿಸಿ ಮರೆತಂತಿದ್ದ ಒಬ್ಬ ಅಜ್ಜನ ಖಾತೆ ಇತ್ತು. ಅದರ ಮೇಲೆ ಅಜ್ಜನ ಹೆಸರಿನಲ್ಲಿ ಸಾಲ ತೆಗೆಯುವುದು, ರುಜು ತಾನು ನೋಡಿಕೊಳ್ಳುತ್ತೇನೆ, ನಿಧಾನಕ್ಕೆ ತೀರಿಸಿದರಾಯಿತು.

ಸುಶೀಲಕ್ಕ ಪ್ರಾಟೆಸ್ಟಂಟ್ ಸಭೆಯವರು. ಭಾನುವಾರದ ಆರಾಧನೆ ತಪ್ಪಿಸುವವರಲ್ಲ. ಮೂರು ದಿನ ಉಪವಾಸ ಇದ್ದು "ಸ್ವಾಮೀ, ಒಂದು ದಾರಿ ತೋರಿಸು" ಎಂದು ಪ್ರಾರ್ಥಿಸಿದ್ದರು. ಮರುದಿನವೇ ಈ ಉಪಾಯ ಬಂದಿತ್ತು. "ಇದು ದೇವರೇ ತೋರಿಸಿದ ದಾರಿಯಾ ಮೇಡಂ?"

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನನ್ನಲ್ಲಿಗೆ ಬರುವವರಲ್ಲಿ ಜೋಯಿಸರಲ್ಲಿ ಪ್ರಶ್ನೆ ಇಟ್ಟು ಬರುವವರಿದ್ದಾರೆ, ಹೂ ಪ್ರಸಾದ ಕೇಳಿ ಬರುವವರಿದ್ದಾರೆ, ಕಣ್ಣುಮುಚ್ಚಿ ಬೈಬಲ್ ಬಿಡಿಸಿ ಬೆರಳಿಟ್ಟ ವಚನವನ್ನು ಬರೆದುಕೊಂಡು ಬರುವವರೂ ಇದ್ದಾರೆ. ಅವರ ನಂಬಿಕೆ ನಿಜವಾದದ್ದು. ಆದರೆ ಸಂಕಟದಲ್ಲಿರುವಾಗ ಸುಲಭವಾಗಿ ಸಿಕ್ಕಿದ್ದೆಲ್ಲ ಪ್ರಸಾದದ ಹಾಗೆ ಕಾಣುತ್ತದೆ. ನಾನು ಕೇಳಿದ್ದು ಇಷ್ಟೇ: "ಆ ಅಜ್ಜನಿಗೆ ಮೊದಲು ಹೇಳಿ, ಆಮೇಲೆ ಈ ಸಾಲ ತೆಗೀಲಿಕ್ಕೆ ಆಗ್ತದಾ ಸುಶೀಲಕ್ಕ?"

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಇಲ್ಲ. ಹೇಳ್ಲಿಕ್ಕೆ ಆಗುದಿಲ್ಲ" ಎಂದರು.

ಮುಂದಿನದನ್ನು ಅವರೇ ಹೇಳಿದರು. ನಾನು ಅವರ ಧರ್ಮದವಳಲ್ಲ, ಶಾಸ್ತ್ರ ಹೇಳುವ ಅಧಿಕಾರ ನನಗಿಲ್ಲ. ಭಾನುವಾರ ಶಾಲೆಯಲ್ಲಿ ಕಲಿತದ್ದು ಅವರಿಗೇ ನೆನಪಾಯಿತು. ಒಪ್ಪಿಸಿದ ಹಣದಲ್ಲಿ ವಂಚನೆ ಮಾಡಿದವನು ಪೂರ್ತಿ ಹಣವನ್ನೂ ಅದರ ಐದನೆಯ ಒಂದು ಪಾಲನ್ನೂ ಸೇರಿಸಿ ಯಜಮಾನನಿಗೆ ಕೊಡಬೇಕು, ಪಾಪಪರಿಹಾರದ ಯಜ್ಞವೂ ಬೇಕು ಎಂದು ಬೈಬಲಿನ ಯಾಜಕಕಾಂಡದ 6ನೆಯ ಅಧ್ಯಾಯ ಹೇಳುತ್ತದೆ. "ನಾನು ಆರು ತಿಂಗಳಿಂದ ದೇವರ ಹತ್ತಿರ ಮಾತ್ರ ಕ್ಷಮೆ ಕೇಳ್ತಾ ಇದ್ದೇನೆ" ಎಂದು ಅತ್ತರು. ಅಲ್ಲಿಂದ ಮುಂದೆ ನಮ್ಮ ಕೆಲಸ ಸುಲಭವಾಗಲಿಲ್ಲ, ಆದರೆ ದಿಕ್ಕು ಸಿಕ್ಕಿತು.

ಸಾಯುವ ಆಲೋಚನೆ ಬಂದದ್ದುಂಟಾ ಎಂದು ನೇರವಾಗಿ ಕೇಳಿದೆ. ಹಣದ ಅವಮಾನದಲ್ಲಿ ಸಿಕ್ಕವರನ್ನು ಇದನ್ನು ಕೇಳದೆ ಮನೆಗೆ ಕಳಿಸಬಾರದು. ಒಂದೆರಡು ಸಲ ಬಂದದ್ದುಂಟು ಎಂದರು. ಅವರ ತಂಗಿಯನ್ನು ಕರೆಸಿ ಕೆಲವು ವಾರ ಜೊತೆಗಿರುವ ಏರ್ಪಾಡು ಮಾಡಿದೆವು, ಮನೋವೈದ್ಯರಲ್ಲಿಗೆ ಕಳಿಸಿದೆ, ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಲಹೆಯ ವಿಷಯಕ್ಕೆ ಬಂದರೆ, ಮೊದಲನೆಯದು ಆ ಸಾಲದ ಉಪಾಯ ಬೇಡವೇ ಬೇಡ ಎಂಬುದು. ಈಗಿನ ತಪ್ಪು ಕಷ್ಟದಲ್ಲಿ ಆದದ್ದು, ಆ ಸಾಲವಾದರೆ ಆಲೋಚಿಸಿ ಮಾಡುವಂಥದ್ದು. ಎರಡನೆಯದು, ಒಂಬತ್ತು ಪುಸ್ತಕಗಳ ಲೆಕ್ಕವನ್ನು ಪೈಸೆ ಬಿಡದೆ ಒಂದು ಹಾಳೆಯಲ್ಲಿ ಬರೆಯುವುದು. "ನಾನು ಕಳ್ಳಿ" ಎಂಬ ಮಾತನ್ನು ಅವರು ಪದೇ ಪದೇ ಹೇಳುತ್ತಿದ್ದರು. ಅದರಿಂದ ಯಾರಿಗೂ ಒಂದು ರೂಪಾಯಿ ಮರಳುವುದಿಲ್ಲ. ಯಾರಿಗೆ ಎಷ್ಟು ಎಂಬ ಲೆಕ್ಕ ಇದ್ದರೆ ತೀರಿಸಲಿಕ್ಕಾಗುತ್ತದೆ. ಹಾಳೆ ಬರೆದ ದಿನ ರಾತ್ರಿ ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಬಂತಂತೆ.

ಸಂಘಕ್ಕೆ ಹೋಗುವ ಮುಂಚೆ ವಕೀಲರನ್ನು ಕಾಣಬೇಕೆಂದು ನಾನು ಪಟ್ಟು ಹಿಡಿದೆ. ಇದು ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನ ನಂಬಿಕೆದ್ರೋಹ. ಹಣ ಮರಳಿಸಿದ ಮಾತ್ರಕ್ಕೆ ಅಪರಾಧ ಅಳಿಸಿ ಹೋಗುವುದಿಲ್ಲ. ದೇವರ ಮೇಲೆ ಭಾರ ಹಾಕಿ ಸತ್ಯ ಹೇಳಿದರೆ ಏನೂ ಆಗುವುದಿಲ್ಲ ಎಂದು ಭರವಸೆ ಕೊಟ್ಟಿದ್ದರೆ ಅದು ನನ್ನ ಕಡೆಯ ಸುಳ್ಳಾಗುತ್ತಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರು.

ಜೊತೆಗೆ ಆಸ್ಪತ್ರೆಯ ಖರ್ಚಿಗೆ ಒಂದು ತಡೆ ಬೇಕಿತ್ತು. ಪಡಿತರ ಚೀಟಿ ಅತ್ತೆಮನೆಯ ಹೆಸರಿನಲ್ಲಿದ್ದುದರಿಂದ ತಮಗೆ ಏನೂ ಸಿಗುವುದಿಲ್ಲ ಎಂದುಕೊಂಡಿದ್ದರು. ವಿಚಾರಿಸಿದರೆ ಆ ಚೀಟಿ ಬಿಪಿಎಲ್, ಇವರ ಹೆಸರೂ ಅದರಲ್ಲಿತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಡಯಾಲಿಸಿಸನ್ನು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಬದಲಿಸಿದರು. ಆರು ತಿಂಗಳು ಮೊದಲೇ ಯಾರಾದರೂ ಇದನ್ನು ಹೇಳಿದ್ದರೆ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಗಂಡನಿಗೆ ಹೇಳಿದ್ದು ನನ್ನ ಎದುರಿನಲ್ಲೇ. "ನಾನು ಸತ್ತಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ" ಎಂದು ಅವರು ಮುಖ ತಿರುಗಿಸಿದರು. ಆ ಮಾತನ್ನೂ ಹಾಗೇ ಬಿಡಲಿಲ್ಲ, ಅವರ ಜೊತೆಗೆ ಬೇರೆಯೇ ಭೇಟಿಗಳು ನಡೆದವು.

ಸಂಘದಲ್ಲಿ ಲಿಖಿತವಾಗಿ ಒಪ್ಪಿಕೊಂಡರು. ಕೆಲಸ ಹೋಯಿತು. 25,000 ರೂಪಾಯಿಯ ಭದ್ರತಾ ಠೇವಣಿಯನ್ನು ಸಂಘದವರು ಜಮೆ ಮಾಡಿಕೊಂಡರು. ಉಳಿದದ್ದು ತಿಂಗಳ ಕಂತು. ಪೊಲೀಸ್ ದೂರು ಕೊಡಲಿಲ್ಲ, ಕೊಡುವ ಹಕ್ಕು ಉಳಿಸಿಕೊಂಡಿದ್ದಾರೆ. ಠೇವಣಿಯ ಹಣದಲ್ಲಿ ಮೊದಲು ಮೀನಿನ ಅಮ್ಮನ ಖಾತೆ ತುಂಬಬೇಕೆಂದು ಸುಶೀಲಕ್ಕ ಕೇಳಿಕೊಂಡಿದ್ದರು, ಸಂಘದವರು ಒಪ್ಪಿದರು. ಅಮ್ಮನಿಗೆ ಹೇಳಲು ಒಬ್ಬರೇ ಹೋದರು. ಅಮ್ಮ ಮಾರ್ಕೆಟಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಬೈದರು, ಪುಸ್ತಕ ಕಿತ್ತುಕೊಂಡರು, ಇನ್ನು ನನ್ನ ಎದುರು ಬರಬೇಡ ಎಂದರು. ಕ್ಷಮೆ ಸಿಗಬಹುದೆಂಬ ಆಸೆ ಸುಶೀಲಕ್ಕನಿಗೆ ಇತ್ತು. ಸಿಗಲಿಲ್ಲ. ಕ್ಷಮಿಸುವುದು ಬಿಡುವುದು ಆ ಅಮ್ಮನಿಗೆ ಸೇರಿದ್ದು ಎಂಬುದನ್ನು ಒಪ್ಪಿಕೊಳ್ಳಲು ಎರಡು ಭೇಟಿ ಬೇಕಾಯಿತು. ದೇವರು ಕೈಬಿಟ್ಟರಾ ಎಂದು ಆಗ ಮತ್ತೆ ಕೇಳಿದರು. "ಜೂನಿನಲ್ಲಿ ಅವರಿಗೆ ಅವರ ದುಡ್ಡು ಸಿಕ್ಕಿತಲ್ಲ ಸುಶೀಲಕ್ಕ. ನೀವು ದಾರಿ ಕೇಳಿದ್ದು ಯಾರಿಗಾಗಿ?" ಎಂದೆ.

ಈಗ ಅವರು ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ಸಂಪಾದನೆ ಮೊದಲಿಗಿಂತ ಕಡಿಮೆ, ಬೆರಳು ಕಪ್ಪಾಗಿವೆ. ಗಂಡನ ಡಯಾಲಿಸಿಸ್ ನಡೆಯುತ್ತಿದೆ. ಕಂತು ಒಂದೂ ತಪ್ಪಿಲ್ಲ. ಐದನೆಯ ಒಂದು ಪಾಲನ್ನೂ ಕೊಡಲೇಬೇಕೆಂದು ಹಟ ಹಿಡಿದಿದ್ದರು. ಅಸಲು ತೀರುವವರೆಗೆ ಬೇಡ, ಮನೆಯಲ್ಲಿ ಮತ್ತೆ ಕೈ ಬರಿದಾದರೆ ಅದೇ ಇಕ್ಕಟ್ಟು ಬರುತ್ತದೆ ಎಂದು ನಾನೂ ಅವರ ಸಭಾಪಾಲಕರೂ ಹೇಳಿದೆವು. ಅಸಲಿನ ಕೊನೆಯ ಕಂತು ಬರುವ ಮಾರ್ಚ್‌ನಲ್ಲಿದೆ. ಒಂಬತ್ತು ಹೆಸರುಗಳ ಪಟ್ಟಿಯಲ್ಲಿ ಪ್ರತಿಯೊಬ್ಬರ ಎದುರು ಆ ಪಾಲು ಎಷ್ಟಾಗುತ್ತದೆ ಎಂದು ಈಗಾಗಲೇ ಬರೆದಿಟ್ಟಿದ್ದಾರೆ.