ಈಜುಕೊಳದ ಸುತ್ತ ಯಾವ ಕಲ್ಲು ಹಾಸಲಿ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಈಗ ಈಜುಕೊಳ ಕಟ್ಟಿಸುತ್ತಿದ್ದೇವೆ, ಸುತ್ತ ಕಲ್ಲೇ ಹಾಸಬೇಕು ಅಂತ ಆಸೆ. ಪಾಲಿಶ್ ಮಾಡಿದ ಕಡಪ ಕಲ್ಲು ಹಾಕಿಸಿ ಅನ್ನುತ್ತಾರೆ ಮೇಸ್ತ್ರಿ. ಅಂಗಡಿಯವರು ಶಹಾಬಾದ್ ಕಲ್ಲು ತೋರಿಸಿದರು. ಯಾವುದು ಒಳ್ಳೆಯದು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಪಾಲಿಶ್ ಕಡಪ ಖಂಡಿತ ಬೇಡ. ಒಣಗಿದ್ದಾಗ ನೋಡಲು ಚೆಂದ, ಆದರೆ ಕೊಳದ ಅಂಚು ಒಣಗಿರುವುದು ಯಾವಾಗ ಹೇಳಿ? ಮಕ್ಕಳು ನೀರಿನಿಂದ ಎದ್ದು ಓಡುವುದೇ ಅದರ ಮೇಲೆ, ಅಲ್ವಾ. ಸಾಲದ್ದಕ್ಕೆ ಕಪ್ಪು ಕಲ್ಲು, ಏಪ್ರಿಲ್ ಬಿಸಿಲಿಗೆ ಬರಿಗಾಲು ಇಡಲು ಆಗುವುದಿಲ್ಲ.

ಇನ್ನೊಂದು ವಿಷಯ ಇದೆ. ಕಡಪ, ಶಹಾಬಾದ್, ಕೋಟಾ ಮೂರೂ ಸುಣ್ಣದಕಲ್ಲಿನ ಜಾತಿ, ಆಸಿಡ್ ಆಗಿಬರುವುದಿಲ್ಲ. ಕೊಳದ ನೀರಿನ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) 7.2ರಿಂದ 7.8ರ ಒಳಗೆ ಇರಬೇಕು, ಏರಿದಾಗ ಇಳಿಸಲು ಹೈಡ್ರೋಕ್ಲೋರಿಕ್ ಆಸಿಡ್ ಹಾಕುವುದು ಮಾಮೂಲು, ಅದು ಅಂಚಿನ ಮೇಲೆ ಸ್ವಲ್ಪ ಚೆಲ್ಲಿದರೂ ಬುರುಬುರು ನೊರೆ ಬಂದು ಮಾಸಲು ಕಲೆ ಉಳಿಯುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದು ಕೊಳೆಯಲ್ಲ, ಕಲ್ಲೇ ಕರಗಿರುತ್ತದೆ.

ನಾನಾಗಿದ್ದರೆ ಬೂದು ಬಣ್ಣದ ಸಾದರಹಳ್ಳಿ ಗ್ರಾನೈಟ್ ಹಾಕಿಸುತ್ತಿದ್ದೆ. ನಮ್ಮ ದೇವನಹಳ್ಳಿ ಕಡೆಯ ಕಲ್ಲು. ಆಸಿಡ್ಡಿಗೆ ಸುಲಭವಾಗಿ ಬಗ್ಗುವುದಿಲ್ಲ, ಕಪ್ಪು ಕಲ್ಲಿನಷ್ಟು ಕಾಯುವುದೂ ಇಲ್ಲ. ಕೊಳ್ಳುವಾಗ 'ಫ್ಲೇಮ್ಡ್' ಅಂತಲೇ ಕೇಳಿ. ಕಲ್ಲಿನ ಮೇಲೆ ಜೋರು ಬೆಂಕಿ ಹಾಯಿಸುತ್ತಾರೆ, ಆಗ ಮೇಲಿನ ಹರಳುಗಳು ಸಿಡಿದು ಮೈ ತರಿತರಿಯಾಗುತ್ತದೆ, ಒದ್ದೆ ಕಾಲಿಗೂ ಹಿಡಿತ ಸಿಗುತ್ತದೆ. ಉಳಿಯಲ್ಲಿ ದಪ್ಪದಪ್ಪ ಕೆತ್ತಿದ ಕಲ್ಲು ಬೇಡ, ಬಿದ್ದ ಮಕ್ಕಳ ಮಂಡಿ ಕಿತ್ತುಬರುತ್ತದೆ. ನೀರಿಗೆ ತಾಗುವ ಅಂಚನ್ನು ಗುಂಡಗೆ ಮಾಡಿಸಿ.

ನಿಮ್ಮ ಕಡೆ ಮಳೆ ಜಾಸ್ತಿ, ಹಾಗಾಗಿ ಪಾಚಿಯ ಯೋಚನೆ ಮಾಡಲೇಬೇಕು. ಪಾಚಿ ಕಟ್ಟಿದರೆ ಒರಟು ಕಲ್ಲೂ ಜಾರುತ್ತದೆ. ನೀರು ನಿಲ್ಲದಂತೆ ಕೊಳದಿಂದ ಹೊರಕ್ಕೆ ಇಳಿಜಾರು ಕೊಡಿಸಿ, ಮೀಟರಿಗೆ 2 ಸೆಂಟಿಮೀಟರ್ ಸಾಕು, ಹೊರಗಡೆ ಒಂದು ಚಿಕ್ಕ ಚರಂಡಿಯೂ ಇರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿಸಿ.

ಪೂರ್ತಿ ಲೋಡ್ ತರಿಸುವ ಮೊದಲು ಒಂದೇ ಒಂದು ಚಪ್ಪಡಿ ಮನೆಗೆ ತನ್ನಿ. ಮಧ್ಯಾಹ್ನ 2 ಗಂಟೆಯವರೆಗೆ ಬಿಸಿಲಿನಲ್ಲಿಟ್ಟು ಬರಿಗಾಲಲ್ಲಿ ನಿಂತು ನೋಡಿ. ಆಮೇಲೆ ನೀರು ಸುರಿದು ಅದರ ಮೇಲೆ ನಡೆಯಿರಿ. ಮೇಸ್ತ್ರಿಯನ್ನೂ ಕರೆದು ನಡೆಸಿ.