ಓದುಗರ ಪ್ರಶ್ನೆ, ತಜ್ಞರ ಉತ್ತರ: ಪೇಪರ್ ಎಷ್ಟು, ಸೈಟೇಶನ್ ಎಷ್ಟು?

ಪ್ರಶ್ನೆ: ವೈದ್ಯಕೀಯ ಕಾಲೇಜಿನ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದೇನೆ. ಬಡ್ತಿಯ ಅರ್ಜಿಯಲ್ಲಿ ಎಚ್-ಇಂಡೆಕ್ಸ್ ಕೇಳಿದ್ದಾರೆ. ಗೂಗಲ್ ಸ್ಕಾಲರ್ 8 ತೋರಿಸುತ್ತದೆ, ಸ್ಕೋಪಸ್ 5 ತೋರಿಸುತ್ತದೆ. ಯಾವುದನ್ನು ಬರೆಯಲಿ? (ಓದುಗರು, ದಾವಣಗೆರೆ)

ಉತ್ತರ: ಲೆಕ್ಕದ ಸೂತ್ರ ಎರಡೂ ಕಡೆ ಒಂದೇ, ಲೆಕ್ಕಕ್ಕೆ ತೆಗೆದುಕೊಂಡ ಪಟ್ಟಿ ಬೇರೆ. ಅಮೆರಿಕದ ಸ್ಯಾನ್ ಡಿಯಾಗೋದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಈ ಅಳತೆಯನ್ನು ಮುಂದಿಟ್ಟರು. ನಿಮ್ಮ ಎಷ್ಟು ಪೇಪರುಗಳಿಗೆ ತಲಾ ಕನಿಷ್ಠ ಅಷ್ಟೇ ಸೈಟೇಶನ್ (ಬೇರೆ ಪೇಪರುಗಳಲ್ಲಿ ಉಲ್ಲೇಖ) ಬಂದಿದೆಯೋ, ಆ ಅತಿ ದೊಡ್ಡ ಸಂಖ್ಯೆಯೇ ಎಚ್-ಇಂಡೆಕ್ಸ್. ನಿಮ್ಮ ಪೇಪರುಗಳನ್ನು ಸೈಟೇಶನ್ ಹೆಚ್ಚಿನದರಿಂದ ಕಡಿಮೆಯದಕ್ಕೆ ಇಳಿಕೆಯ ಕ್ರಮದಲ್ಲಿ ಬರೆದುಕೊಳ್ಳಿ. ಉದಾಹರಣೆಗೆ 42, 19, 11, 7, 6, 5, 3, 0. ಐದನೆಯ ಪೇಪರಿಗೆ 6 ಸೈಟೇಶನ್ ಇದೆ, ಅಂದರೆ ಐದಕ್ಕಿಂತ ಕಡಿಮೆಯಿಲ್ಲ. ಆರನೆಯದಕ್ಕೆ 5 ಮಾತ್ರ ಇರುವುದರಿಂದ ಅಲ್ಲಿಗೆ ನಿಂತಿತು: ಎಚ್-ಇಂಡೆಕ್ಸ್ 5. ಆ ಆರನೆಯ ಪೇಪರಿಗೆ ಇನ್ನೊಂದೇ ಸೈಟೇಶನ್ ಬಂದರೆ ಎಚ್ 6 ಆಗುತ್ತದೆ. ಮೊದಲನೆಯದರ 42 ನಾಳೆ 400 ಆದರೂ ಎಚ್ ಕದಲುವುದಿಲ್ಲ. ಈ ಅಳತೆಯ ಗುಣವೂ ಅದೇ, ದೋಷವೂ ಅದೇ.

ಸ್ಕೋಪಸ್ ಎಂಬ ಪೇಪರುಗಳ ದತ್ತಸಂಚಯ ತಾನು ಆಯ್ದುಕೊಂಡ ಜರ್ನಲ್‌, ಪುಸ್ತಕ, ಸಮ್ಮೇಳನಗಳಿಂದ ಬಂದ ಉಲ್ಲೇಖಗಳನ್ನಷ್ಟೇ ಎಣಿಸುತ್ತದೆ. ಗೂಗಲ್ ಸ್ಕಾಲರ್ ವೆಬ್‌ನಲ್ಲಿ ಸಿಗುವ ಥೀಸಿಸ್, ಪ್ರಿಪ್ರಿಂಟ್ (ಪರಾಮರ್ಶೆಗೆ ಮುಂಚೆಯೇ ವೆಬ್‌ಗೆ ಹಾಕಿದ ಪೇಪರ್), ಕಾಲೇಜಿನ ಪ್ರಕಟಣೆಗಳನ್ನೂ ಸೇರಿಸಿಕೊಳ್ಳುವುದರಿಂದ ಅಲ್ಲಿ ಅಂಕಿ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಅರ್ಜಿಯಲ್ಲಿ ಯಾವ ಮೂಲ ಬೇಕೆಂದು ಹೇಳಿದ್ದರೆ ಅದನ್ನೇ ಕೊಡಿ. ಹೇಳಿಲ್ಲದಿದ್ದರೆ ಎರಡನ್ನೂ, ಮೂಲದ ಹೆಸರು ಮತ್ತು ನೋಡಿದ ದಿನಾಂಕದ ಸಮೇತ ಬರೆಯಿರಿ. ಮೂಲವೂ ದಿನಾಂಕವೂ ಇಲ್ಲದ ಎಚ್-ಇಂಡೆಕ್ಸನ್ನು ಯಾರೂ ಪರಿಶೀಲಿಸಲಾರರು.

ಅದಕ್ಕೂ ಮುಂಚೆ ಸ್ಕಾಲರ್ ಪ್ರೊಫೈಲನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ ಓದಿ. ಒಂದೇ ಪೇಪರ್ ಎರಡು ಸಾಲಿನಲ್ಲಿದ್ದರೆ ಎರಡಕ್ಕೂ ಟಿಕ್ ಹಾಕಿ ‘ಮರ್ಜ್’ ಒತ್ತಿ. ನಿಮ್ಮ ಹೆಸರಿನವರೇ ಆದ ಬೇರೆಯವರ ಪೇಪರ್ ಸೇರಿದ್ದರೆ ಅಳಿಸಿ. ಹೊಸ ಪೇಪರುಗಳು ತಾವಾಗಿ ಸೇರುವ ಸೌಲಭ್ಯವನ್ನು ನಿಲ್ಲಿಸಿ, ಒಪ್ಪಿಗೆ ಕೇಳಿ ಸೇರಿಸುವ ಆಯ್ಕೆ ಇಟ್ಟುಕೊಳ್ಳಿ. ಇಷ್ಟು ಮಾಡಿದ ಮೇಲೆ 8 ಇದ್ದದ್ದು 7 ಆದರೆ ಬೇಸರ ಬೇಡ, ನಿಮ್ಮದು ಎಂದು ತೋರಿಸಬಹುದಾದ ಅಂಕಿ ಅದು.

ಪ್ರಶ್ನೆ: ಪಿಎಚ್‌ಡಿ ಮುಗಿಯುವ ಹಂತದಲ್ಲಿದ್ದೇನೆ. ನನ್ನ ಹೆಸರಿನ ಜೊತೆ ಎರಡು ಇನಿಶಿಯಲ್ ಇವೆ, ಮನೆತನದ ಹೆಸರಿಲ್ಲ. ಪಬ್‌ಮೆಡ್‌ನಲ್ಲಿ ನನ್ನ ನಾಲ್ಕು ಪೇಪರ್‌ ಮೂರು ಬೇರೆ ಬೇರೆ ಹೆಸರಲ್ಲಿ ಬರುತ್ತಿವೆ. ಸರಿಪಡಿಸುವುದು ಹೇಗೆ? (ಸಂಶೋಧನಾ ವಿದ್ಯಾರ್ಥಿನಿ, ಮೈಸೂರು)

ಉತ್ತರ: ನಮ್ಮ ಕಡೆಯ ಸಂಶೋಧಕರಿಗೆ ಇದರಿಂದ ಆಗುವಷ್ಟು ನಷ್ಟ ಬೇರೆ ಯಾವುದರಿಂದಲೂ ಆಗುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ವೈದ್ಯಕೀಯ ಪೇಪರುಗಳನ್ನು ಹುಡುಕುವ ಅಮೆರಿಕದ ಉಚಿತ ತಾಣ ಪಬ್‌ಮೆಡ್ ಮೊದಲು ಮನೆತನದ ಹೆಸರು, ಆಮೇಲೆ ಉಳಿದವುಗಳ ಇನಿಶಿಯಲ್ ಎಂಬ ಕ್ರಮದಲ್ಲಿ ಹೆಸರು ತೋರಿಸುತ್ತದೆ. ‘ಮಂಜುನಾಥ ಕೆ. ಎಸ್.’ ಎಂಬ ಹೆಸರನ್ನು ನೋಡೋಣ. ಜರ್ನಲ್‌ನ ಫಾರ್ಮಿನಲ್ಲಿ ಲಾಸ್ಟ್ ನೇಮ್ ಎಂಬಲ್ಲಿ ‘ಮಂಜುನಾಥ’ ಎಂದು ಹಾಕಿದರೆ ‘ಮಂಜುನಾಥ ಕೆಎಸ್’ ಎಂದು ದಾಖಲಾಗುತ್ತದೆ. ಬರೆದ ಕ್ರಮದಲ್ಲೇ ತುಂಬಿ, ಕೊನೆಯ ‘ಎಸ್’ ಅನ್ನು ಲಾಸ್ಟ್ ನೇಮ್ ಮಾಡಿದರೆ ‘ಎಸ್ ಎಂಕೆ’ ಆಗುತ್ತದೆ. ‘ಕೆ ಎಸ್’ ಎರಡನ್ನೂ ಅಲ್ಲಿ ಹಾಕಿದರೆ ‘ಕೆ ಎಸ್ ಎಂ’. ಒಬ್ಬರೇ ವ್ಯಕ್ತಿ, ಮೂರು ಲೇಖಕರು. ಇಂಗ್ಲಿಷಿನಲ್ಲಿ ಕೊನೆಯ ‘ಎ’ ಅಕ್ಷರ ಒಮ್ಮೆ ಇದ್ದು ಇನ್ನೊಮ್ಮೆ ಬಿಟ್ಟುಹೋದರೆ ನಾಲ್ಕನೆಯವರೂ ಹುಟ್ಟುತ್ತಾರೆ. ಎಷ್ಟೋ ಸಲ ಫಾರ್ಮ್ ತುಂಬುವವರು ಬೇರೊಂದು ಊರಿನ ಸಹಲೇಖಕರು. ನಿಮ್ಮ ಹೆಸರು ಹೇಗೆ ಬರಬೇಕೆಂದು ಅವರಿಗೆ ಮೊದಲೇ ಬರೆದು ಕೊಡಿ, ಪ್ರೂಫ್ ಬಂದಾಗ ಲೇಖಕರ ಸಾಲನ್ನು ಮೊದಲು ನೋಡಿ.

ಈಗ ರಿಪೇರಿ. ಮೊದಲು ಒಂದು ರೂಪ, ಒಂದೇ ಸ್ಪೆಲಿಂಗ್ ಆರಿಸಿಕೊಳ್ಳಿ. ಮದುವೆಯ ನಂತರ ಹೆಸರು ಬದಲಾಗುವ ಸಂಭವವಿದ್ದರೂ ಪೇಪರಿನ ಹೆಸರನ್ನು ಬದಲಿಸದಿರುವುದು ಒಳ್ಳೆಯದು. ಆಮೇಲೆ ಸಂಶೋಧಕರಿಗೆ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್‌ಗೆ (ORCID) ನೋಂದಾಯಿಸಿ. 2012ರಿಂದ ಇರುವ ಉಚಿತ ವ್ಯವಸ್ಥೆ ಇದು, ನಾಲ್ಕು ನಾಲ್ಕಾಗಿ ಜೋಡಿಸಿದ 16 ಅಂಕಿಗಳ ಗುರುತು ಕೊಡುತ್ತದೆ. ಕೊನೆಯ ಸ್ಥಾನದಲ್ಲಿ ‘ಎಕ್ಸ್’ ಅಕ್ಷರವಿದ್ದರೆ ಗಾಬರಿ ಬೇಡ, ಅದು ತಾಳೆ ನೋಡುವ ಅಂಕಿಯ ಜಾಗ. ಕಾಲೇಜಿನ ಇಮೇಲ್ ಜೊತೆಗೆ ಸ್ವಂತ ಇಮೇಲನ್ನೂ ಸೇರಿಸಿ. ಕಾಲೇಜು ಬಿಟ್ಟ ಮೇಲೆ ಅಲ್ಲಿನ ಇಮೇಲ್ ನಿಂತುಹೋಗಿ ಖಾತೆಯೇ ಕೈತಪ್ಪುವುದುಂಟು. ಹಳೆಯ ಹೆಸರಿನ ರೂಪಗಳನ್ನೂ ‘ಇತರ ಹೆಸರುಗಳು’ ಎಂಬಲ್ಲಿ ಹಾಕಿ. ನಂತರ ಯೂರೋಪ್ ಪಿಎಂಸಿ, ಕ್ರಾಸ್‌ರೆಫ್ ಎಂಬ ಪೇಪರುಗಳ ದತ್ತಸಂಚಯಗಳ ಮೂಲಕ ಹುಡುಕಿ ನಾಲ್ಕೂ ಪೇಪರನ್ನು ಜೋಡಿಸಿ.

ಸ್ಕೋಪಸ್‌ನಲ್ಲಿ ಲೇಖಕರ ಹುಡುಕಾಟಕ್ಕೆ ಹೋಗಿ, ಎಲ್ಲ ರೂಪಗಳನ್ನೂ ಒಂದೊಂದಾಗಿ ಹಾಕಿ ನೋಡಿ. ನಿಮ್ಮ ಪ್ರೊಫೈಲುಗಳಿಗೆ ಟಿಕ್ ಹಾಕಿ ಒಂದುಗೂಡಿಸಲು ಕೋರಿಕೆ ಕಳಿಸಿ. ಇಲ್ಲಿ ಅವಸರ ಮಾಡಬೇಡಿ: ಸಂಸ್ಥೆ, ಸಹಲೇಖಕರು, ವಿಷಯ ಮೂರನ್ನೂ ತಾಳೆ ನೋಡದೆ ಸೇರಿಸಿದರೆ ಇನ್ನೊಬ್ಬರ ಕೆಲಸ ನಿಮ್ಮ ಲೆಕ್ಕಕ್ಕೆ ಬಂದುಬಿಡುತ್ತದೆ. ಪಬ್‌ಮೆಡ್ ಮಾತ್ರ ಲೇಖಕರ ಪ್ರೊಫೈಲ್ ಇಟ್ಟುಕೊಳ್ಳುವುದಿಲ್ಲ. ಅಲ್ಲಿ ಹೆಸರು ತಪ್ಪಾಗಿದ್ದರೆ ಜರ್ನಲ್‌ನ ಸಂಪಾದಕರಿಗೆ ಬರೆಯಬೇಕು, ತಿದ್ದಿದ ದಾಖಲೆಯನ್ನು ಪ್ರಕಾಶಕರು ಕಳಿಸಬೇಕು. ಅವರು ಒಪ್ಪದಿದ್ದರೆ ಪಬ್‌ಮೆಡ್ ನಡೆಸುವ ಎನ್‌ಸಿಬಿಐನಲ್ಲಿ ಖಾತೆ ತೆರೆದು ‘ಮೈ ಬಿಬ್ಲಿಯೋಗ್ರಫಿ’ಯಲ್ಲಿ ನಾಲ್ಕನ್ನೂ ಸೇರಿಸಿ, ಆ ಕೊಂಡಿಯನ್ನೇ ಬಯೋಡೇಟಾದಲ್ಲಿ ಕೊಡಿ.

ಪ್ರಶ್ನೆ: ನಮ್ಮ ಜಿಲ್ಲೆಯ ಪ್ರಾಧ್ಯಾಪಕರು ‘ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಶ್ವದ ಶೇ 2ರ ವಿಜ್ಞಾನಿಗಳ ಪಟ್ಟಿ’ಯಲ್ಲಿದ್ದಾರೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಇದು ಪ್ರಶಸ್ತಿಯೇ? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಉತ್ತರ: ಪ್ರಶಸ್ತಿಯಲ್ಲ, ಲೆಕ್ಕಾಚಾರ. ಸ್ಟ್ಯಾನ್‌ಫರ್ಡ್‌ನ ಜಾನ್ ಇಯೋನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ದತ್ತಾಂಶದಿಂದ ಇದನ್ನು ಸಿದ್ಧಪಡಿಸುತ್ತಾರೆ. ಯಾರೂ ಅರ್ಜಿ ಹಾಕುವುದಿಲ್ಲ, ಯಾವ ಸಮಿತಿಯೂ ಪೇಪರ್ ಓದಿ ಆರಿಸುವುದಿಲ್ಲ. ಒಟ್ಟು ಸೈಟೇಶನ್, ಎಚ್-ಇಂಡೆಕ್ಸ್, ಸಹಲೇಖಕರ ಸಂಖ್ಯೆಗೆ ಹೊಂದಿಸಿದ ಎಚ್, ಜೊತೆಗೆ ಏಕೈಕ, ಮೊದಲ, ಕೊನೆಯ ಲೇಖಕರಾಗಿ ಬರೆದ ಪೇಪರುಗಳಿಗೆ ಬಂದ ಸೈಟೇಶನ್ ಹೀಗೆ ಆರು ಅಂಶ ಸೇರಿಸಿ ಒಂದು ಅಂಕ ಕೊಡುತ್ತಾರೆ. ನೂರಾರು ಹೆಸರಿನ ಪೇಪರಿನಲ್ಲಿ ಮಧ್ಯೆ ಎಲ್ಲೋ ಇದ್ದವರಿಗೆ ಇಲ್ಲಿ ಲಾಭ ಕಡಿಮೆ, ಅದು ಒಳ್ಳೆಯ ಅಂಶ.

ಪಟ್ಟಿ ಎರಡಿದೆ. ಒಂದು ವೃತ್ತಿಜೀವನದ ಪೂರ್ತಿ ಲೆಕ್ಕ, ಇನ್ನೊಂದು ಒಂದೇ ವರ್ಷದಲ್ಲಿ ಬಂದ ಸೈಟೇಶನ್‌ಗಳ ಲೆಕ್ಕ. ಸುದ್ದಿಯಲ್ಲಿ ಯಾವುದೆಂದು ಹೇಳದಿದ್ದರೆ ಮೂಲ ಎಕ್ಸೆಲ್ ಕಡತದಲ್ಲಿ ನೋಡಬಹುದು, ಎಲ್ಲರಿಗೂ ತೆರೆದಿದೆ. ಅದರಲ್ಲಿ ಸ್ವಂತ ಪೇಪರನ್ನು ತಾವೇ ಉಲ್ಲೇಖಿಸಿಕೊಂಡದ್ದು ಎಷ್ಟು ಎಂಬುದಕ್ಕೂ ಕಾಲಮ್ ಇದೆ. ನಿಮ್ಮ ಜಿಲ್ಲೆಯವರು ಅಲ್ಲಿದ್ದರೆ ಸಂತೋಷದ ವಿಷಯವೇ. ಅಭಿನಂದಿಸುವಾಗ ಅವರ ಸಂಶೋಧನೆ ಏನೆಂದೂ ಪತ್ರಿಕೆಗಳು ಎರಡು ಸಾಲು ಬರೆಯಬೇಕು ಎಂಬುದು ನಮ್ಮ ಆಸೆ.

ಪ್ರಶ್ನೆ: ಸೈಟೇಶನ್ ಹೆಚ್ಚಿದ್ದರೆ ದೊಡ್ಡ ಸಂಶೋಧನೆ ಎಂದೇ ಅರ್ಥವೇ? (ಎಂಎಸ್ಸಿ ವಿದ್ಯಾರ್ಥಿ, ಉಡುಪಿ)

ಉತ್ತರ: ಇಲ್ಲ. ಪ್ರೋಟೀನ್ ಪ್ರಮಾಣ ಅಳೆಯುವ ವಿಧಾನ ಹೇಳಿದ ಆಲಿವರ್ ಲೌರಿ ಅವರ 1951ರ ಪೇಪರಿಗೆ ಮೂರು ಲಕ್ಷಕ್ಕೂ ಹೆಚ್ಚು ಸೈಟೇಶನ್ ಇದೆ. ಡಿಎನ್ಎ ರಚನೆಯ 1953ರ ಪೇಪರ್, ನೇಚರ್ ಪತ್ರಿಕೆ 2014ರಲ್ಲಿ ಕೊಟ್ಟ ಮೊದಲ ನೂರರ ಪಟ್ಟಿಯಲ್ಲೇ ಇರಲಿಲ್ಲ. ದಿನವೂ ಬಳಸುವ ವಿಧಾನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಪಠ್ಯಪುಸ್ತಕ ಸೇರಿದ ಸತ್ಯವನ್ನು ಉಲ್ಲೇಖಿಸುವವರು ಕಡಿಮೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ ಜಿ. ಎನ್. ರಾಮಚಂದ್ರನ್ ಅವರು ಸಹೋದ್ಯೋಗಿಗಳ ಜೊತೆ ಮದ್ರಾಸಿನಲ್ಲಿದ್ದಾಗ 1963ರಲ್ಲಿ ಪ್ರಕಟಿಸಿದ ರಾಮಚಂದ್ರನ್ ಪ್ಲಾಟ್ (ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು ತೋರಿಸುವ ನಕ್ಷೆ) ಇಲ್ಲದೆ ಪ್ರೋಟೀನ್ ರಚನೆಯ ತಪಾಸಣೆ ಇಂದಿಗೂ ನಡೆಯುವುದಿಲ್ಲ. ಆದರೆ ಹೆಸರು ಬರೆದು ಮೂಲ ಪೇಪರನ್ನು ಬಿಟ್ಟುಬಿಡುವವರೇ ಬಹಳ.

ಬೈದು ಬರೆದರೂ ಎಣಿಕೆ ಏರುತ್ತದೆ ಎಂಬುದನ್ನೂ ನೆನಪಿಡಿ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯನ್ನು ಆಟಿಸಂ ಜೊತೆ ತಳುಕು ಹಾಕಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ 1998ರ ಪೇಪರನ್ನು ಲ್ಯಾನ್ಸೆಟ್ 2010ರಲ್ಲಿ ಹಿಂತೆಗೆದುಕೊಂಡಿತು. ಅದನ್ನು ಖಂಡಿಸಿದ ಪೇಪರುಗಳೂ ಅದರ ಲೆಕ್ಕಕ್ಕೇ ಸೇರಿವೆ.

ಪ್ರಶ್ನೆ: ‘ಇಂಪ್ಯಾಕ್ಟ್ ಫ್ಯಾಕ್ಟರ್ 7.8, ಐದು ದಿನದಲ್ಲಿ ಪ್ರಕಟಣೆ’ ಎಂಬ ಇಮೇಲ್‌ಗಳು ಬರುತ್ತಿವೆ. ನಂಬಬಹುದೇ? (ಪಿಜಿ ವೈದ್ಯರು, ಕಲಬುರಗಿ)

ಉತ್ತರ: ಐದು ದಿನದಲ್ಲಿ ಪರಿಣತರಿಂದ ಪರಾಮರ್ಶೆ ಮಾಡಿಸಿ, ತಿದ್ದಿಸಿ, ಅಚ್ಚು ಮಾಡುವುದು ಆಗದ ಕೆಲಸ. ಅಲ್ಲಿಗೇ ಇಮೇಲ್ ಮುಚ್ಚಬಹುದು.

ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನ ಸರಾಸರಿ, ಲೇಖಕರದ್ದಲ್ಲ. 2022 ಮತ್ತು 2023ರಲ್ಲಿ ಒಟ್ಟು 100 ಪೇಪರ್ ಪ್ರಕಟಿಸಿದ ಜರ್ನಲ್‌ಗೆ 2024ರಲ್ಲಿ ಅವುಗಳ ಬಾಬ್ತು 250 ಸೈಟೇಶನ್ ಬಂದರೆ 2024ರ ಇಂಪ್ಯಾಕ್ಟ್ ಫ್ಯಾಕ್ಟರ್ 2.5. ಇದನ್ನು ಕ್ಲಾರಿವೇಟ್ ಸಂಸ್ಥೆ ಮಾತ್ರ ವರ್ಷಕ್ಕೊಮ್ಮೆ ಪ್ರಕಟಿಸುತ್ತದೆ. ಜರ್ನಲ್‌ನ ಐಎಸ್ಎಸ್ಎನ್ ಎಂಬ 8 ಸ್ಥಾನಗಳ ಸಂಖ್ಯೆಯನ್ನು ಅವರ ಮಾಸ್ಟರ್ ಜರ್ನಲ್ ಲಿಸ್ಟ್‌ನಲ್ಲಿ ಹಾಕಿ ನೋಡಿ, ನಂತರ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಎನ್‌ಎಲ್‌ಎಂ ಕೆಟಲಾಗ್‌ನಲ್ಲಿ, ಪರಿಶೀಲಿಸಿ ಆಯ್ದ ಜರ್ನಲ್‌ಗಳ ಸಂಗ್ರಹವಾದ ಮೆಡ್‌ಲೈನ್‌ಗೆ ಸೇರಿದೆಯೇ ನೋಡಿ. ಪಬ್‌ಮೆಡ್‌ನಲ್ಲಿ ಒಂದು ಪೇಪರ್ ಸಿಕ್ಕಿತೆಂದರೆ ಜರ್ನಲ್ ಮೆಡ್‌ಲೈನ್‌ನಲ್ಲಿದೆ ಎಂದಲ್ಲ. ಪೂರ್ತಿ ಪೇಪರುಗಳ ಉಚಿತ ಸಂಗ್ರಹವಾದ ಪಬ್‌ಮೆಡ್ ಸೆಂಟ್ರಲ್ ಮೂಲಕವೂ ಬಂದಿರಬಹುದು. ಒಳ್ಳೆಯ ಜರ್ನಲ್‌ನ ಹೆಸರು, ಐಎಸ್ಎಸ್ಎನ್ ಎರಡನ್ನೂ ಕದ್ದ ನಕಲಿ ತಾಣಗಳೂ ಇರುವುದರಿಂದ ಇಮೇಲ್‌ನ ಕೊಂಡಿ ಬಿಟ್ಟು ಕೆಟಲಾಗ್‌ ಕಡೆಯಿಂದಲೇ ತಾಣಕ್ಕೆ ಹೋಗಿ. ‘ಯುಜಿಸಿ-ಕೇರ್ ಮಾನ್ಯತೆ’ ಎಂದು ಈಗಲೂ ಹಾಕಿಕೊಂಡಿದ್ದರೆ ಅದಕ್ಕೆ ಬೆಲೆಯಿಲ್ಲ, ಒಪ್ಪಿತ ಜರ್ನಲ್‌ಗಳ ಆ ಪಟ್ಟಿಯನ್ನು ಯುಜಿಸಿ ಕೈಬಿಟ್ಟಿರುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದೆ.

ಪ್ರಶ್ನೆ: ಮಗಳು ಬಯೋಮೆಡಿಕಲ್ ವಿಷಯದಲ್ಲಿ ಪಿಎಚ್‌ಡಿಗೆ ಗೈಡ್ ಹುಡುಕುತ್ತಿದ್ದಾಳೆ. ಅವರ ಪ್ರಕಟಣೆಗಳನ್ನು ಹೇಗೆ ನೋಡಬೇಕು? (ಪೋಷಕರು, ಧಾರವಾಡ)

ಉತ್ತರ: ಇತ್ತೀಚಿನ ಐದು ವರ್ಷದ ಪೇಪರುಗಳನ್ನು ಪಬ್‌ಮೆಡ್‌ನಿಂದ ತೆಗೆಯಿರಿ. ಈ ಕ್ಷೇತ್ರದಲ್ಲಿ ಪ್ರಯೋಗ ಮಾಡಿದ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲ ಹೆಸರು, ಲ್ಯಾಬ್ ನಡೆಸುವವರು ಕೊನೆಯ ಹೆಸರು. ಗೈಡ್ ಕೊನೆಯಲ್ಲಿದ್ದು, ಮೊದಲ ಸ್ಥಾನದಲ್ಲಿ ಬೇರೆ ಬೇರೆ ವಿದ್ಯಾರ್ಥಿಗಳ ಹೆಸರು ಬರುತ್ತಿದ್ದರೆ ಒಳ್ಳೆಯ ಸೂಚನೆ. ಈಗಾಗಲೇ ಬಂದ ಸಂಶೋಧನೆಗಳನ್ನು ಒಟ್ಟುಮಾಡಿ ಬರೆಯುವ ರಿವ್ಯೂ ಲೇಖನಗಳಿಗೆ ಸೈಟೇಶನ್ ಸುಲಭವಾಗಿ ಬೀಳುವುದರಿಂದ ಮೂಲ ಸಂಶೋಧನೆಯನ್ನು ಪ್ರತ್ಯೇಕ ಎಣಿಸಿ. ಆ ಪೇಪರುಗಳಿಗೆ ಪಬ್‌ಮೆಡ್ ಕೊಟ್ಟ ಪಿಎಂಐಡಿ ಸಂಖ್ಯೆಗಳನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನ ಐಸೈಟ್ ಎಂಬ ಉಚಿತ ತಾಣಕ್ಕೆ ಹಾಕಿದರೆ ಕ್ಷೇತ್ರಕ್ಕೂ ವರ್ಷಕ್ಕೂ ಹೊಂದಿಸಿದ ಸೈಟೇಶನ್ ಅನುಪಾತ ಸಿಗುತ್ತದೆ. 1.0 ಎಂದರೆ ಎನ್‌ಐಎಚ್ ಅನುದಾನದ ನಡುಮಟ್ಟದ ಪೇಪರಿಗೆ ಸಮ. ಚಿಕ್ಕ ಕ್ಷೇತ್ರದ ಉತ್ತಮ ಲ್ಯಾಬನ್ನು ಕ್ಯಾನ್ಸರ್‌ನಂಥ ದೊಡ್ಡ ಕ್ಷೇತ್ರದ ಎದುರು ನಿಲ್ಲಿಸಿ ಕಡೆಗಣಿಸುವ ತಪ್ಪು ಇದರಿಂದ ತಪ್ಪುತ್ತದೆ. ಹಿಂತೆಗೆದ ಪೇಪರುಗಳಿವೆಯೇ ಎಂದು ರಿಟ್ರಾಕ್ಷನ್ ವಾಚ್ ದತ್ತಸಂಚಯದಲ್ಲಿ ನೋಡಿ, ಇದ್ದರೆ ಕಾರಣವನ್ನೂ ಓದಿ. ಪ್ರಾಮಾಣಿಕ ತಪ್ಪನ್ನು ತಾವೇ ಒಪ್ಪಿ ಹಿಂತೆಗೆದವರೂ ಇದ್ದಾರೆ. ಕೊನೆಗೆ ಮಗಳು ಅವರ ಎರಡು ಪೇಪರನ್ನು ಪೂರ್ತಿ ಓದಲಿ, ಅಲ್ಲಿಂದ ಹೊರಬಂದ ಇಬ್ಬರು ವಿದ್ಯಾರ್ಥಿಗಳಿಗೆ ಇಮೇಲ್ ಬರೆದು ಪಿಎಚ್‌ಡಿ ಮುಗಿಯಲು ಎಷ್ಟು ವರ್ಷವಾಯಿತೆಂದು ಕೇಳಲಿ.