ಹ್ಯೂಸ್ಟನ್ನಿನಲ್ಲಿ ಮತ್ತೆ ಹಿಮ ಬಿದ್ದರೆ?

ಪ್ರಶ್ನೆ: ಮಗಳು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿದ್ದಾಳೆ. 2021ರ ಫೆಬ್ರವರಿಯಲ್ಲಿ ಸೆಕೆಯ ಆ ಊರೇ ಹೆಪ್ಪುಗಟ್ಟಿತ್ತಂತೆ. ಮತ್ತೆ ಹಾಗಾದರೆ ಅವಳು ಏನು ಮಾಡಬೇಕು?
– ಒಬ್ಬ ತಾಯಿ, ಹಾಸನ

ಉತ್ತರ: ತಾಯಿ, ಮೊದಲು ಇದೊಂದನ್ನು ಹೇಳಿಬಿಡಿ: ಇದ್ದಿಲ ಒಲೆಯನ್ನು ಮನೆಯೊಳಗೆ ತರಬಾರದು, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಬೆಚ್ಚಗೆ ಕೂರಬಾರದು. ಅಂದು ವಿದ್ಯುತ್ ಹೋದಾಗ ಹೀಗೆ ಮಾಡಿ ಹಲವರು ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಲಿಯಾದರು. ನೆನೆದರೆ ಈಗಲೂ ಸಂಕಟವಾಗುತ್ತದೆ. ಅನಿಲ ಬಾವಿಗಳೇ ಹೆಪ್ಪುಗಟ್ಟಿ, ಆ ಅನಿಲದಿಂದ ನಡೆಯುವ ಹಲವು ವಿದ್ಯುತ್ ಸ್ಥಾವರಗಳು ನಿಂತಿದ್ದವು. ಟೆಕ್ಸಾಸಿನ ವಿದ್ಯುತ್ ಜಾಲ ಪ್ರತ್ಯೇಕವಾದ್ದರಿಂದ ಹೊರಗಿನ ನೆರವೂ ಹೆಚ್ಚು ಸಿಗಲಿಲ್ಲ.

ಮುನ್ಸೂಚನೆ ಬಂದೊಡನೆ ಕುಡಿಯುವ ನೀರು ತುಂಬಿಡಲಿ. ಕೊಳವೆಯ ನೀರು ಹೆಪ್ಪುಗಟ್ಟದಂತೆ ಹೊರಗೋಡೆಯ ಪಕ್ಕದ ನಲ್ಲಿ ಸಣ್ಣಗೆ ತೊಟ್ಟಿಕ್ಕುತ್ತಿರಲಿ. ಸಿಂಕಿನ ಕೆಳಗಿನ ಕಪಾಟು ತೆರೆದಿಡಲಿ, ಮನೆಯೊಳಗಿನ ಶಾಖ ಕೊಳವೆಗೆ ತಾಗುತ್ತದೆ. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ, ಬಾಗಿಲ ಸಂದಿಗೆ ಟವೆಲ್ ತುರುಕಲಿ. ಕೊಳವೆ ಒಡೆದರೆ ಮುಚ್ಚಬೇಕಾದ ಮುಖ್ಯ ವಾಲ್ವ್ ಎಲ್ಲಿದೆಯೆಂದು ಇವತ್ತೇ ನೋಡಿಕೊಳ್ಳಲಿ.